ಬಂದ ಕಾರಣ: ಮದರಾಸಿಗೆ ಬರುವ ಪರದೇಶದವರನ್ನು ಕುರಿತು

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ತಿಂಗಳ ಉಪನ್ಯಾಸಕ್ಕೆ ‘ಪ್ರವಾಸೋದ್ಯಮ’ ಎಂಬ ವಿಷಯವನ್ನು ಕಾರ್ಯದರ್ಶಿಗಳು ಸೂಚಿಸಿದಾಗ ನಾನು ಒಂದು ಷರತ್ತನ್ನು ಮುಂದಿಟ್ಟೆ. ಉದ್ಯಮದ ಮರ್ಮವನ್ನು ಬಲ್ಲವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಮಾತನಾಡುವುದಾದರೆ ಪ್ರವಾಸಿಯನ್ನು ಕುರಿತು, ಅದರಲ್ಲಿಯೂ ಅವನು ಏಕೆ ಬರುತ್ತಾನೆಂಬ ಒಂದೇ ಪ್ರಶ್ನೆಯನ್ನು ಕುರಿತು ಮಾತನಾಡುತ್ತೇನೆ ಎಂದೆ. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಮೂವತ್ತೈದು ವರ್ಷ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ನನಗೆ ಅಂಕಿಗಳಲ್ಲಿ ಎಷ್ಟು ಆಸಕ್ತಿಯಿದೆಯೋ ಅಷ್ಟೇ ಗುಮಾನಿಯೂ ಇದೆ. ಆದಕಾರಣ ಇಂದು ಕೆಲವು ಅಂಕಿಗಳನ್ನೂ ಅವುಗಳ ಮೇಲಿನ ನನ್ನ ತಕರಾರನ್ನೂ ಒಟ್ಟಿಗೆ ನಿಮ್ಮ ಮುಂದಿಡುತ್ತೇನೆ.

‘ಏಕೆ ಬಂದಿರಿ?’ ಎಂಬ ಪ್ರಶ್ನೆ ಹೊರನಾಡಿಗರಾದ ನಮಗೆ ಹೊಸದಲ್ಲ. ನಮ್ಮ ಹಿರಿಯರು ಉಡುಪಿಯಿಂದ, ಮೈಸೂರಿನಿಂದ, ಬಳ್ಳಾರಿಯಿಂದ ಈ ಊರಿಗೆ ಬಂದಾಗ ಪ್ರತಿಯೊಬ್ಬರಿಗೂ ಒಂದು ಕಾರಣವಿತ್ತು. ಹೋಟೆಲು, ಕಾಲೇಜು, ಹೈಕೋರ್ಟು, ಸಿನಿಮಾ ಸ್ಟುಡಿಯೋ, ಸರ್ಕಾರಿ ನೌಕರಿ. ಆದರೆ ಬಂದ ಕಾರಣ ಒಂದು, ಉಳಿದ ಕಾರಣ ಇನ್ನೊಂದು ಎಂಬುದು ನಮ್ಮಲ್ಲಿ ಅನೇಕರ ಅನುಭವ. ಸಮುದ್ರ ದಾಟಿ ಬರುವವರ ವಿಷಯದಲ್ಲಿಯೂ ಈ ಮಾತು ನಿಜ. ಸರ್ಕಾರದ ಕಾಗದಗಳು ಇದನ್ನು ಗಮನಿಸುವುದಿಲ್ಲ.

ಮೀನಂಬಾಕ್ಕಂನಲ್ಲಿ ಇಳಿಯುವ ಪರದೇಶದವನು ಒಂದು ಆಗಮನ ಚೀಟಿಯನ್ನು ತುಂಬಿಕೊಡಬೇಕು. 2025ರಿಂದ ಅದನ್ನು ಗಣಕದಲ್ಲಿಯೇ ತುಂಬುವ ವ್ಯವಸ್ಥೆಯಾಗಿದೆ. ಆ ಚೀಟಿಯಲ್ಲಿ ‘ಬಂದ ಉದ್ದೇಶ’ ಎಂಬ ಒಂದು ಅಂಕಣ ಇರುತ್ತದೆ. ವಿರಾಮ ವಿಹಾರ, ವ್ಯಾಪಾರ, ವೈದ್ಯಕೀಯ, ಬಂಧುಮಿತ್ರರ ಭೇಟಿ ಮುಂತಾದವುಗಳಲ್ಲಿ ಒಂದನ್ನು ಗುರುತಿಸಬೇಕು. ದೆಹಲಿಯ ಪ್ರವಾಸೋದ್ಯಮ ಸಚಿವಾಲಯ ಪ್ರತಿವರ್ಷ ಹೊರತರುವ ಅಂಕಿಅಂಶಗಳ ಹೊತ್ತಗೆಯಲ್ಲಿ ಈ ಚೀಟಿಗಳ ಸಾರಾಂಶ ಅಚ್ಚಾಗುತ್ತದೆ. ಒಬ್ಬ ಮನುಷ್ಯನಿಗೆ ಒಂದೇ ಕಾರಣ ಎಂಬುದು ಅದರ ಮೂಲ ನಂಬಿಕೆ. ಢಾಕಾದಿಂದ ಹೃದಯದ ಶಸ್ತ್ರಚಿಕಿತ್ಸೆಗೆ ಬಂದವನು ಗುಣವಾದ ಮೇಲೆ ಹೆಂಡತಿಯೊಡನೆ ಮಹಾಬಲಿಪುರಕ್ಕೂ ಹೋಗಿ ಬರುತ್ತಾನೆ, ಹೋಗುವಾಗ ತ್ಯಾಗರಾಯನಗರದಲ್ಲಿ ಎರಡು ರೇಷ್ಮೆ ಸೀರೆ ಕೊಳ್ಳುತ್ತಾನೆ. ನ್ಯೂಜೆರ್ಸಿಯಿಂದ ತಾಯಿಯನ್ನು ನೋಡಲು ಬಂದ ಮಗಳು ಅಲ್ಲಿ ದುಬಾರಿಯೆಂದು ಮುಂದೂಡಿದ್ದ ಹಲ್ಲಿನ ಚಿಕಿತ್ಸೆಯನ್ನು ಇಲ್ಲಿ ಮುಗಿಸಿಕೊಂಡು, ಸಂಜೆ ಕಛೇರಿ ಕೇಳಿ, ವಿಮಾನ ಹತ್ತುತ್ತಾಳೆ. ಇವರನ್ನು ಯಾವ ಅಂಕಣದಲ್ಲಿ ಬರೆಯುವುದು?

ಇನ್ನೊಂದು ಸ್ವಾರಸ್ಯವಿದೆ. ‘ವಿದೇಶಿ ಪ್ರವಾಸಿ’ ಎಂಬ ಲೆಕ್ಕ ಪಾಸ್‌ಪೋರ್ಟನ್ನು ನೋಡುತ್ತದೆಯೇ ಹೊರತು ಮುಖವನ್ನಲ್ಲ. ಭಾರತದ ಪಾಸ್‌ಪೋರ್ಟನ್ನು ಉಳಿಸಿಕೊಂಡಿರುವ ಮಗ ಮನೆಗೆ ಬಂದರೆ ಅವನು ವಿದೇಶಿ ಪ್ರವಾಸಿಯಲ್ಲ. ಅವನ ಜೊತೆಯಲ್ಲಿಯೇ ಬಂದ, ಅಮೆರಿಕದ ಪೌರತ್ವ ಪಡೆದ ಸೊಸೆ ವಿದೇಶಿ ಪ್ರವಾಸಿ. ಒಂದೇ ಟ್ಯಾಕ್ಸಿಯಲ್ಲಿ ಬಂದು ಒಂದೇ ಹೊಸ್ತಿಲು ದಾಟುವ ಇಬ್ಬರನ್ನು ಹೊತ್ತಗೆ ಎರಡು ಪಟ್ಟಿಗಳಲ್ಲಿ ಕೂರಿಸುತ್ತದೆ. 2019ರಲ್ಲಿ ವಿದೇಶಿ ಪ್ರವಾಸಿಗಳ ಸಂಖ್ಯೆ ಸುಮಾರು 1 ಕೋಟಿ 9 ಲಕ್ಷ. ಅದೇ ವರ್ಷ ಬಂದುಹೋದ ಅನಿವಾಸಿ ಭಾರತೀಯರು ಸುಮಾರು 70 ಲಕ್ಷ.

ಈ 1 ಕೋಟಿ 9 ಲಕ್ಷ ಎಂಬುದು ದೊಡ್ಡ ಸಂಖ್ಯೆಯೋ ಚಿಕ್ಕದೋ? ಗಣರಾಜ್ಯವಾದ ಮರುವರ್ಷ, ಅಂದರೆ 1951ರಲ್ಲಿ, ಇಡೀ ದೇಶಕ್ಕೆ ಬಂದ ವಿದೇಶಿ ಪ್ರವಾಸಿಗಳು 16,829 ಮಂದಿ. ನಮ್ಮ ಒಂದು ಸಾಮಾನ್ಯ ಜಾತ್ರೆಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ! 1990ರಲ್ಲಿ 17 ಲಕ್ಷ, 2000ದಲ್ಲಿ 26 ಲಕ್ಷ, 2010ರಲ್ಲಿ 57 ಲಕ್ಷ ಮೀರಿತು. ಆ ದೃಷ್ಟಿಯಿಂದ ಏರಿಕೆ ಅದ್ಭುತ. ಆದರೆ 2019ರಲ್ಲಿ ಪುಟ್ಟ ಥಾಯ್ಲೆಂಡಿಗೆ ಹೋದವರು ಸುಮಾರು 4 ಕೋಟಿ. ಅದೇ ವರ್ಷ ನಮ್ಮವರೇ 2 ಕೋಟಿ 69 ಲಕ್ಷ ಮಂದಿ ಹೊರದೇಶಗಳಿಗೆ ಹೋಗಿ ಬಂದರು. ನಾವು ಪ್ರವಾಸಿಗಳನ್ನು ಬರಮಾಡಿಕೊಳ್ಳುವ ದೇಶಕ್ಕಿಂತ ಹೆಚ್ಚಾಗಿ ಪ್ರವಾಸಿಗಳನ್ನು ಕಳುಹಿಸುವ ದೇಶವಾಗಿದ್ದೇವೆ. ಇದನ್ನು ಕೇಳಿ ಕೆಲವರು ಖಿನ್ನರಾಗುತ್ತಾರೆ. ನನಗೆ ಅಂತಹ ಖೇದವೇನೂ ಇಲ್ಲ. ಎಷ್ಟು ಜನ ಎಂಬುದಕ್ಕಿಂತ ಏಕೆ ಎಂಬುದರಲ್ಲಿ ನಮ್ಮನ್ನು ನಾವು ಅರಿತುಕೊಳ್ಳುವ ಸಾಮಗ್ರಿ ಹೆಚ್ಚಾಗಿದೆ.

ಈ ಕರಾವಳಿಗೆ ಪರದೇಶದವರು ಬರತೊಡಗಿದ್ದು ನಿನ್ನೆ ಮೊನ್ನೆಯಲ್ಲ. ಹ್ಯೂಯೆನ್‌ತ್ಸಾಂಗ್ 7ನೆಯ ಶತಮಾನದಲ್ಲಿ ಕಂಚಿಗೆ ಬಂದದ್ದು ಧರ್ಮಜಿಜ್ಞಾಸೆಯಿಂದ. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಮೈಲಾಪುರದ ಸಂತ ತೋಮಸರ ಸಮಾಧಿಯನ್ನು ವರ್ಣಿಸಿದ್ದಾನೆ. ಅತ್ತ ನಮ್ಮ ವಿಜಯನಗರಕ್ಕೆ 1443ರಲ್ಲಿ ಬಂದ ಅಬ್ದುಲ್ ರಜಾಕ್ ರಾಯಭಾರಿ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಪೋರ್ಚುಗೀಸರೊಡನೆ ಬಂದವನು. ಅನಂತರ ಬಂದ ನೂನಿಜ್ ಕುದುರೆ ವ್ಯಾಪಾರಿ. ಇವರಾರೂ ಹಂಪೆಯನ್ನು ‘ನೋಡಲು’ ಬಂದವರಲ್ಲ. ಬಂದ ಕೆಲಸದ ನಡುವೆ ಕಣ್ಣು ತೆರೆದು ನೋಡಿದರು, ನೋಡಿದ್ದನ್ನು ಬರೆದಿಟ್ಟರು. ಇಂದು ನಾವು ನಮ್ಮ ಸಾಮ್ರಾಜ್ಯದ ಮಹಾನವಮಿಯನ್ನು ಅರಿಯುವುದು ಬಹುಪಾಲು ಈ ಪರಸ್ಥಳದವರ ಬರಹಗಳಿಂದ. ವಿಜಯನಗರದ ಕಡೆಗಾಲದ ಅರಸರ ಅಧೀನನಾಗಿದ್ದ ನಾಯಕನೊಬ್ಬನಿಂದ 1639ರಲ್ಲಿ ಫ್ರಾನ್ಸಿಸ್ ಡೇ ಪಡೆದ ಮರಳುದಂಡೆಯೇ ಈ ಪಟ್ಟಣದ ಮೂಲ ಎಂಬುದನ್ನು ನೆನೆದರೆ, ಮದರಾಸಿನ ಜನ್ಮಪತ್ರಿಕೆಯಲ್ಲಿ ಹಂಪೆಯ ನೆರಳಿದೆ ಎಂದು ನಾನು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಡೇಗೆ ಬೇಕಾಗಿದ್ದದ್ದು ಅಗ್ಗದ ಬಟ್ಟೆ. ಆರ್ಮೇನಿಯದ ವರ್ತಕ ಪೆಟ್ರಸ್ ಉಸ್ಕಾನ್ ಕೂಡ ವ್ಯಾಪಾರಕ್ಕೆಂದೇ ಬಂದವನು. ಆದರೆ 1726ರಲ್ಲಿ ಸೈದಾಪೇಟೆಯ ಬಳಿ ಅಡ್ಯಾರ್ ನದಿಗೆ ತನ್ನ ಹಣದಿಂದ ಸೇತುವೆ ಕಟ್ಟಿಸಿದ. ಬಂದ ಕಾರಣ ಹಣ, ಉಳಿದ ಗುರುತು ಸೇತುವೆ.

19ನೆಯ ಶತಮಾನದ ಕೊನೆಯಲ್ಲಿ ಹೊಸದೊಂದು ಕಾರಣ ಹುಟ್ಟಿತು. ಕೊಳ್ಳಲೂ ಆಳಲೂ ಬಾರದೆ, ಕಲಿಯಲು ಬಂದವರು. ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ 1879ರಲ್ಲಿ ಮುಂಬಯಿಯಲ್ಲಿ ಇಳಿದು, 1882ರ ಕೊನೆಯಲ್ಲಿ ಅಡ್ಯಾರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ನೆಲೆ ಹೂಡಿದರು. 1893ರಲ್ಲಿ ಆನಿ ಬೆಸೆಂಟ್ ಬಂದರು. ಅಡ್ಯಾರಿನ ಆ ಆಲದ ಮರದ ಕೆಳಗೆ ನಡೆದ ಸಭೆಗಳಿಗೆ ಯೂರೋಪು ಅಮೆರಿಕಗಳಿಂದ ಜನ ಹಡಗು ಹತ್ತಿ ಬಂದರು. 1930ರ ದಶಕದಲ್ಲಿ ತಿರುವಣ್ಣಾಮಲೆಯ ರಮಣರನ್ನು ಅರಸಿ ಪಾಲ್ ಬ್ರಂಟನ್ ಬಂದ, ಆಮೇಲೆ ಮೈಸೂರಿನಲ್ಲಿ ನಾಲ್ವಡಿಯವರ ಆಶ್ರಯದಲ್ಲಿಯೂ ಇದ್ದ. 1938ರಲ್ಲಿ ಸಾಮರ್ಸೆಟ್ ಮಾಮ್ ಬಂದ. ಇಂಥವರ ತಲೆಯೆಣಿಕೆ ಎಂದೂ ಹೆಚ್ಚಿರಲಿಲ್ಲ. ಹಿಂದಿರುಗಿದ ಒಬ್ಬೊಬ್ಬನ ಪುಸ್ತಕವೂ ಸಾವಿರಾರು ಓದುಗರನ್ನು ಈ ಕಡೆಗೆ ಹೊರಡಿಸಿತು ಎಂಬುದೇ ಮುಖ್ಯ.

ಈಗ ನಾನು ಹೇಳಬೇಕೆಂದಿರುವ ಸಂಗತಿಯಲ್ಲಿ ನಮ್ಮ ಮನೆಯವರೇ ಇದ್ದಾರೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ.

1888ರಲ್ಲಿ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜನಿಸಿದರು. ಮೈಸೂರಿನಲ್ಲಿಯೂ ಕಾಶಿಯಲ್ಲಿಯೂ ಶಾಸ್ತ್ರಾಧ್ಯಯನ ಮಾಡಿದ ಅವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಲು ಅನುಕೂಲ ಮಾಡಿಕೊಟ್ಟರು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು ಇಲ್ಲಿಯ ಶಿಷ್ಯರು. ಅಯ್ಯಂಗಾರ್ಯರು ಆಚಾರ್ಯರ ಭಾವಮೈದುನರೂ ಹೌದು. 1937-38ರ ಸುಮಾರಿಗೆ ರೀಗಾ ನಗರದಲ್ಲಿ ಹುಟ್ಟಿದ ಯೂರೋಪಿನ ಮಹಿಳೆಯೊಬ್ಬರು ಬಂದು ಪಾಠ ಹೇಳಿಸಿಕೊಳ್ಳಬೇಕೆಂದರು. ಹೆಂಗಸು, ಅದರಲ್ಲಿಯೂ ಪರದೇಶದವರು ಎಂದು ಆಚಾರ್ಯರು ಮೊದಲು ನಿರಾಕರಿಸಿದರು. ಮಹಾರಾಜರು ಹೇಳಿದ ಮೇಲೆ ಒಪ್ಪಿ ಕಟ್ಟುನಿಟ್ಟಾಗಿ ಕಲಿಸಿದರು. ಆಕೆಯೇ ಇಂದ್ರಾದೇವಿ. ಮುಂದೆ ಅವರು ಅಮೆರಿಕದ ಹಾಲಿವುಡ್ಡಿನಲ್ಲಿ ಯೋಗಶಾಲೆ ತೆರೆದರು.

ಸಂಸ್ಥಾನದ ಕಾಲ ಮುಗಿಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ್ದ ಆಚಾರ್ಯರು ಜೀವಿಕೆಗಾಗಿ ಮದರಾಸಿಗೆ ಬಂದರು, ನಮ್ಮ ಹಿರಿಯರು ಬಂದ ಹಾಗೆಯೇ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಕೈಗೆ ಬಂದ ಉದ್ಯೋಗವನ್ನು ಬಿಟ್ಟು ತಂದೆಯ ಬಳಿ ಪಾಠಕ್ಕೆ ಕುಳಿತರು. 1960ರ ದಶಕದಲ್ಲಿ ಜಿಡ್ಡು ಕೃಷ್ಣಮೂರ್ತಿಯವರು ಈ ತರುಣನಿಂದ ಯೋಗ ಕಲಿತರು; ಅವರ ಮೂಲಕ ಯೂರೋಪಿನ ಬಾಗಿಲು ತೆರೆಯಿತು. 1976ರಲ್ಲಿ ಈ ನಗರದಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಆರಂಭವಾಯಿತು. ಫ್ರಾನ್ಸ್, ಬೆಲ್ಜಿಯಂ, ಜರ್ಮನಿ, ಅಮೆರಿಕಗಳಿಂದ ಬಂದವರು ಇಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ಕಲಿತರು. ಅವರಲ್ಲಿ ಜೆರಾರ್ ಬ್ಲಿಟ್ಸ್ ಎಂಬಾತನೂ ಒಬ್ಬ. 1950ರಲ್ಲಿ ‘ಕ್ಲಬ್ ಮೆಡಿಟೆರೇನಿಯನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸಮುದ್ರ, ಬಿಸಿಲು, ಊಟ, ಆಟ ಎಲ್ಲವನ್ನೂ ಒಂದೇ ದರಕ್ಕೆ ಮಾರುವ ವಿಹಾರಧಾಮಗಳನ್ನು ಜಗತ್ತಿಗೆ ಪರಿಚಯಿಸಿದವನು ಅವನೇ. ಜಗತ್ತಿಗೆಲ್ಲ ರಜೆಯನ್ನು ಮಾರಿದವನು ತಾನು ಬಂದದ್ದು ದೇಶಿಕಾಚಾರರ ಬಳಿ ಉಸಿರಾಟವನ್ನು ಕಲಿಯಲು! ಪ್ರವಾಸದ ಕಾರಣಗಳನ್ನು ಕುರಿತು ದೊಡ್ಡ ದೊಡ್ಡ ಸಮೀಕ್ಷೆಗಳು ಹೇಳದ ಸತ್ಯವೊಂದು ಈ ಒಂದು ಸಂಗತಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಆಚಾರ್ಯರು 1989ರಲ್ಲಿ, ನೂರು ದಾಟಿದ ಮೇಲೆ, ಇಲ್ಲಿಯೇ ತೀರಿಕೊಂಡರು. ಮಗ 2016ರಲ್ಲಿ ತೀರಿಕೊಂಡರು. 2015ರಿಂದ ಜಗತ್ತು ಯೋಗ ದಿನವೆಂದು ಆಚರಿಸುವ ಜೂನ್ 21 ದೇಶಿಕಾಚಾರರ ಜನ್ಮದಿನವೂ ಆಗಿರುವುದು ಕೇವಲ ಕಾಕತಾಳೀಯ. ಆದರೂ ಸಂತೋಷದ ಕಾಕತಾಳೀಯ. ಅತ್ತ ಮೈಸೂರಿನ ಲಕ್ಷ್ಮೀಪುರದಲ್ಲಿ 1948ರಿಂದ ಪಾಠ ಹೇಳುತ್ತಿದ್ದ ಪಟ್ಟಾಭಿ ಜೋಯಿಸರ ಮನೆಗೆ 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಬಂದ. ಅವನ ಪುಸ್ತಕವನ್ನು ಓದಿ ಇತರರು ಬಂದರು. ಗೋಕುಲಂ ಬಡಾವಣೆಯ ಇಂದಿನ ಮುಖಲಕ್ಷಣ ಅಲ್ಲಿಂದ ಬಂತು. ಮೈಸೂರಿನ ಯೋಗಕ್ಕೂ ಮದರಾಸಿನ ಯೋಗಕ್ಕೂ ಪುಣೆಯ ಯೋಗಕ್ಕೂ ಮೂಲ ಒಂದೇ ಅರಮನೆಯ ಒಂದೇ ಅಂಗಳ. ಇವರನ್ನು ಅರಸಿಕೊಂಡು ಲಕ್ಷಾಂತರ ಮೈಲಿಗಳನ್ನು ಸವೆಸಿದ ವಿದೇಶೀಯರಿದ್ದಾರೆ. ಇದೇ ಊರಿನಲ್ಲಿ ಐವತ್ತು ವರ್ಷ ಬಾಳಿದ ಕನ್ನಡಿಗರಲ್ಲಿ ಎಷ್ಟು ಮಂದಿ ಆ ಮನೆಯ ಮುಂದೆ ಹಾದುಹೋಗಿದ್ದೇವೆ, ಎಷ್ಟು ಮಂದಿ ಒಳಗೆ ಹೋಗಿದ್ದೇವೆ? ರಾಜ್ಯೋತ್ಸವದ ದಿನ ಒಮ್ಮೆಯಾದರೂ ಅವರ ಹೆಸರನ್ನು ಎತ್ತಿದ ನೆನಪು ನನಗಿಲ್ಲ.

ಸಂಗೀತದ ಕಥೆಯೂ ಇಂಥದೇ. 1960ರ ದಶಕದಲ್ಲಿ ಅಮೆರಿಕದ ಜಾನ್ ಹಿಗಿನ್ಸ್ ವಿದ್ಯಾರ್ಥಿವೇತನ ಪಡೆದು ಮದರಾಸಿಗೆ ಬಂದು ಹಾಡುಗಾರಿಕೆ ಕಲಿತ. ಜನ ಅವನನ್ನು ‘ಹಿಗಿನ್ಸ್ ಭಾಗವತರ್’ ಎಂದು ಕರೆದರು. ಅವನು ಹಾಡಿ ಪ್ರಸಿದ್ಧಗೊಳಿಸಿದ ಪದಗಳಲ್ಲಿ ನಮ್ಮ ವ್ಯಾಸರಾಯರ ಕನ್ನಡ ಪದವೂ ಒಂದು. ಮಾರ್ಗಳಿಯ ಸಂಗೀತೋತ್ಸವಕ್ಕೆ ಹೊರದೇಶಗಳಿಂದ ಬರುವ ರಸಿಕರಿಗೆ ಬೆಳಗಿನ ಇಡ್ಲಿ ಕಾಫಿಯನ್ನು ಒದಗಿಸಿದವರು ಯಾರು? ಉಡುಪಿಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು, ಅನಂತರ ಎಡ್ವರ್ಡ್ ಎಲಿಯಟ್ಸ್ ರಸ್ತೆಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ತೆರೆದ ಡ್ರೈವ್-ಇನ್ 2008ರಲ್ಲಿ ಮುಚ್ಚಿದಾಗ ಅತ್ತವರಲ್ಲಿ ನಾನೂ ಒಬ್ಬ. ಪರದೇಶದವನಿಗೆ ಮದರಾಸಿನ ರುಚಿಯೆಂದು ಪರಿಚಯವಾದದ್ದು ಬಹುಮಟ್ಟಿಗೆ ದಕ್ಷಿಣ ಕನ್ನಡದವರ ಕೈರುಚಿ. ಈ ಮಾತನ್ನು ನಮ್ಮ ತಮಿಳು ಮಿತ್ರರ ಎದುರಿನಲ್ಲಿ ನಾನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ಸ್ಮಾರಕಗಳನ್ನು ನೋಡಲು ಬರುವವರ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ, ಏಕೆಂದರೆ ಸರ್ಕಾರಗಳು ಮಾತನಾಡುವುದೆಲ್ಲ ಅದನ್ನೇ. ಮಹಾಬಲಿಪುರ 1984ರಲ್ಲಿ, ಹಂಪೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. 2019ರ ಅಕ್ಟೋಬರಿನಲ್ಲಿ ಚೀನದ ಅಧ್ಯಕ್ಷರು ಮಹಾಬಲಿಪುರಕ್ಕೆ ಬಂದುಹೋದರು; 2022ರಲ್ಲಿ ಅಲ್ಲಿಯೇ ಚದುರಂಗದ ಒಲಿಂಪಿಯಾಡ್ ನಡೆಯಿತು. ಹೋಟೆಲುಗಳ ದಾಖಲೆಗಳನ್ನು ಕೂಡಿಸಿ ಮಾಡುವ ಲೆಕ್ಕದ ಪ್ರಕಾರ 2019ರಲ್ಲಿ ಅತ್ಯಂತ ಹೆಚ್ಚು ವಿದೇಶೀಯರನ್ನು ಕಂಡ ರಾಜ್ಯ ತಮಿಳುನಾಡು. ಈ ಕೀರ್ತಿಯನ್ನು ಕಲ್ಲಿನ ರಥಗಳ ತಲೆಗೆ ಕಟ್ಟುವುದು ವಾಡಿಕೆ. ಆದರೆ ಆ ವರ್ಷ ಹೋಟೆಲಿನಲ್ಲಿ ಕೋಣೆ ಹಿಡಿದವರಲ್ಲಿ ರಥಗಳಿಗಾಗಿ ಬಂದವರೆಷ್ಟು, ಆಸ್ಪತ್ರೆಗಾಗಿ ಬಂದವರೆಷ್ಟು, ಕಾರ್ಖಾನೆಗಾಗಿ ಬಂದವರೆಷ್ಟು ಎಂಬುದನ್ನು ಆ ದಾಖಲೆಗಳು ಹೇಳಲಾರವು.

ಕಾರ್ಖಾನೆಯ ಮಾತು ಬಂತು. 1991ರ ಆರ್ಥಿಕ ಬದಲಾವಣೆಯ ಅನಂತರ ಈ ಊರಿನ ಸುತ್ತ ಮೋಟಾರು ಕಾರಿನ ಉದ್ದಿಮೆಗಳು ಬಂದವು. ಮರೈಮಲೈನಗರದಲ್ಲಿ ಫೋರ್ಡ್, ಶ್ರೀಪೆರುಂಬುದೂರಿನ ಬಳಿ 1998ರಿಂದ ಕಾರು ತಯಾರಿಸತೊಡಗಿದ ಹ್ಯುಂಡೈ, 2010ರಲ್ಲಿ ಒರಗಡಂನಲ್ಲಿ ರೆನೊ ಮತ್ತು ನಿಸಾನ್. ಭಾಷ್ಯಕಾರರಾದ ರಾಮಾನುಜರು ಹುಟ್ಟಿದ ಊರಿನ ಹೆದ್ದಾರಿಯಲ್ಲಿ ಕೊರಿಯದ ಲಿಪಿಯ ಫಲಕಗಳು ಎದ್ದುನಿಂತವು. ಈ ವ್ಯಾಪಾರಸ್ಥ ಅತಿಥಿ ನಮಗೆ ಅಷ್ಟಾಗಿ ಕಾಣುವುದಿಲ್ಲ. ಕಂಪನಿಯ ಕಾರಿನಲ್ಲಿ ಬಂದು, ಕಂಪನಿಯ ಕಾರಿನಲ್ಲಿ ಹೋಗುತ್ತಾನೆ. ಅವನ ಕಾರಣ ಗಟ್ಟಿಯಾದದ್ದು, ಆದರೆ ಅದರ ಆಯುಸ್ಸು ಕಂಪನಿಯ ಆಯುಸ್ಸಿನಷ್ಟೇ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು, ಮರುವರ್ಷ ನಿಲ್ಲಿಸಿತು. ಅಲ್ಲಿಗೆ ಆ ದಾರಿಯ ಪಯಣವೂ ನಿಂತಿತು.

ಇನ್ನು ಆಸ್ಪತ್ರೆಗಳ ವಿಷಯ. ಚೆನ್ನೈಗೆ ಪರದೇಶದವರು ಬರುವ ಕಾರಣಗಳಲ್ಲಿ ಇಂದು ಅತ್ಯಂತ ತೀವ್ರವಾದದ್ದು ಇದೇ ಎಂದು ನಾನು ತಿಳಿದಿದ್ದೇನೆ. ಇದಕ್ಕೂ ಹಳೆಯ ಬೇರುಗಳಿವೆ. ವೆಲ್ಲೂರಿನಲ್ಲಿ 1900ರಲ್ಲಿ ಐಡಾ ಸ್ಕಡರ್ ಎಂಬ ಅಮೆರಿಕದ ಮಹಿಳೆ ಒಂದು ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ್ದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆಯಿತು. ವೈದ್ಯರು ಪರದೇಶದಿಂದ ಬಂದ ಕಾಲ ಅದು. ರೋಗಿಗಳು ಪರದೇಶದಿಂದ ಬರುವ ಕಾಲ ಆಮೇಲೆ ಬಂತು. 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ ಅಡ್ಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆ, 1978ರಲ್ಲಿ ಡಾ. ಬದರೀನಾಥರ ಶಂಕರ ನೇತ್ರಾಲಯ, 1983ರಲ್ಲಿ ಗ್ರೀಮ್ಸ್ ರಸ್ತೆಯಲ್ಲಿ ಡಾ. ಪ್ರತಾಪ್ ರೆಡ್ಡಿಯವರ ಅಪೋಲೊ. ಸೇವಾಭಾವದ ಆಸ್ಪತ್ರೆ ಮತ್ತು ಬಂಡವಾಳದ ಆಸ್ಪತ್ರೆ ಎರಡೂ ಒಂದೇ ಊರಿನಲ್ಲಿ ಬೆಳೆದದ್ದು ಚೆನ್ನೈನ ವಿಶೇಷ. ಮಾಲ್ಡೀವ್ಸ್, ಶ್ರೀಲಂಕಾ, ಒಮಾನ್, ಪೂರ್ವ ಆಫ್ರಿಕ, ಎಲ್ಲಕ್ಕಿಂತ ಹೆಚ್ಚಾಗಿ ಬಾಂಗ್ಲಾದೇಶ, ಇಲ್ಲೆಲ್ಲದರಿಂದ ಜನ ಬರತೊಡಗಿದರು.

ಗ್ರೀಮ್ಸ್ ರಸ್ತೆಯ ಸುತ್ತಿನ ಓಣಿಗಳಲ್ಲಿ ಒಮ್ಮೆ ನಡೆದುನೋಡಿ. ಲಾಡ್ಜುಗಳ ಫಲಕಗಳು ಬಂಗಾಳಿಯಲ್ಲಿವೆ. ಮೀನಿನ ಸಾರು ಅನ್ನದ ಊಟದ ಮನೆಗಳಿವೆ. ಔಷಧದ ಅಂಗಡಿಯ ತಮಿಳು ಹುಡುಗ ಬಂಗಾಳಿಯಲ್ಲಿ ಮಾತ್ರೆಯ ಲೆಕ್ಕ ಹೇಳುತ್ತಾನೆ. ಕೋಲ್ಕತ್ತೆಯವರೂ ಢಾಕಾದವರೂ ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಅವರಲ್ಲಿ ಯಾರು ‘ಪ್ರವಾಸಿ’, ಯಾರು ‘ಸ್ವದೇಶಿ’ ಎಂಬುದು ಎಕ್ಸ್‌ರೇ ಚೀಲ ಹಿಡಿದ ಕೈಗಳಿಂದ ತಿಳಿಯದು. ಅಂತಹ ಒಂದು ಓಣಿಯಲ್ಲಿ ಚಹಾ ಕುಡಿಯುತ್ತ ಒಬ್ಬ ಬಾಂಗ್ಲಾದೇಶದ ಶಾಲಾಮಾಸ್ತರನನ್ನು ನಾನು ಮಾತಿಗೆಳೆದೆ. ಮಗಳಿಗೆ ಚಿಕಿತ್ಸೆ, ಹಳ್ಳಿಯ ಹೊಲದ ಒಂದು ಭಾಗವನ್ನು ಮಾರಿ ಬಂದಿದ್ದ. ‘ನಮ್ಮ ಊರನ್ನು ನೋಡಿದಿರಾ?’ ಎಂದು ಕೇಳಿದೆ. ‘ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಹೇಳಿದ್ದೇನೆ, ವರದಿ ಬಂದ ಮೇಲೆ’ ಎಂದ. ಅವನನ್ನು ಹೊತ್ತಗೆಯ ಭಾಷೆಯಲ್ಲಿ ‘ವೈದ್ಯಕೀಯ ಪ್ರವಾಸಿ’ ಎಂದು ಕರೆಯುತ್ತಾರೆ. ಪ್ರವಾಸವೆಂಬ ಶಬ್ದಕ್ಕೆ ನಮ್ಮ ಹಳೆಯ ಕಾವ್ಯಗಳಲ್ಲಿ ಮನೆಯವರನ್ನು ಅಗಲಿದ ದುಃಖದ ಅರ್ಥವೂ ಇರುವುದರಿಂದ, ಆ ಅರ್ಥದಲ್ಲಿ ಮಾತ್ರ ಆ ಹೆಸರು ಅವನಿಗೆ ಒಪ್ಪುತ್ತದೆ.

2019ರಲ್ಲಿ ವೈದ್ಯಕೀಯ ಕಾರಣವೆಂದು ದಾಖಲಾದವರು ದೇಶದಲ್ಲಿ ಸುಮಾರು 6 ಲಕ್ಷ 97 ಸಾವಿರ, ಒಟ್ಟು ವಿದೇಶಿ ಪ್ರವಾಸಿಗಳಲ್ಲಿ ನೂರಕ್ಕೆ 6.4ರಷ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಂಗ್ಲಾದೇಶದವರು. ಆ ವರ್ಷ ಎಲ್ಲ ಕಾರಣಗಳನ್ನು ಕೂಡಿಸಿದರೂ ಬಾಂಗ್ಲಾದೇಶವೇ ಮೊದಲನೆಯದು, 25 ಲಕ್ಷ 77 ಸಾವಿರ ಜನ. ಅಮೆರಿಕ ಎರಡನೆಯದು, 15 ಲಕ್ಷ. ನಮ್ಮ ಕಲ್ಪನೆಯಲ್ಲಿ ವಿದೇಶಿ ಪ್ರವಾಸಿಯೆಂದರೆ ಬಿಳಿಯ ಮುಖ, ಕತ್ತಿಗೆ ಕ್ಯಾಮರಾ. ನಿಜವಾಗಿ ಎಲ್ಲರಿಗಿಂತ ಹೆಚ್ಚು ಬಂದವನು ನಮ್ಮಂತೆಯೇ ಅನ್ನ ಉಣ್ಣುವ, ನಮ್ಮ ಬಣ್ಣದ ನೆರೆಯವನು. ಇದನ್ನು ಯಾವ ಪ್ರಚಾರಪತ್ರದಲ್ಲಿಯೂ ಅಚ್ಚು ಮಾಡುವುದಿಲ್ಲ.

ಇಂತಹ ಕಾರಣಕ್ಕೂ ರಾಜಕಾರಣ ಅಡ್ಡ ಬರುತ್ತದೆ. 2024ರ ಆಗಸ್ಟಿನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿದ ಮೇಲೆ ನಮ್ಮ ವೀಸಾ ಕೇಂದ್ರಗಳು ಮುಚ್ಚಿದವು. ಮತ್ತೆ ತೆರೆದಾಗ ತುರ್ತು ಚಿಕಿತ್ಸೆ ಮುಂತಾದ ಕೆಲವಕ್ಕೆ ಮಾತ್ರ ಮಿತವಾಗಿ ಕೊಡತೊಡಗಿದವು. ಬರುವವರ ಸಂಖ್ಯೆ ಥಟ್ಟನೆ ಕುಸಿಯಿತು. ಲಾಡ್ಜುಗಳವರು, ಆಸ್ಪತ್ರೆಗಳವರು ನಷ್ಟದ ಮಾತನಾಡಿದರು. ಅವರ ನಷ್ಟ ನಿಜವೇ. ಆದರೆ ಅತ್ತಕಡೆ ಅರ್ಧ ಚಿಕಿತ್ಸೆಯಲ್ಲಿ ನಿಂತವರ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯುವುದು? ದೇಶದ ಭದ್ರತೆಯ ವಿಚಾರವನ್ನು ನಾನು ಹಗುರವಾಗಿ ಕಾಣುವವನಲ್ಲ. ವಿಹಾರಕ್ಕೆ ಬರುವವನನ್ನು ತಡೆಯುವುದೂ ರೋಗಿಯನ್ನು ತಡೆಯುವುದೂ ಒಂದೇ ತೂಕದ ಕೆಲಸವಲ್ಲ ಎಂದಷ್ಟೇ ನನ್ನ ಅಭಿಪ್ರಾಯ. ಸಭೆಯಲ್ಲಿ ಇದಕ್ಕೆ ಒಪ್ಪದವರಿದ್ದರೆ ಚರ್ಚೆಯ ವೇಳೆಯಲ್ಲಿ ದಯವಿಟ್ಟು ಹೇಳಬೇಕು.

ಕೊನೆಯದಾಗಿ, ಅಂಕಿಗಳಲ್ಲಿ ಈಚೆಗೆ ಕಂಡುಬಂದಿರುವ ಒಂದು ದೊಡ್ಡ ಪಲ್ಲಟ. 2019ರಲ್ಲಿ ವಿದೇಶಿ ಪ್ರವಾಸಿಗಳಲ್ಲಿ ವಿರಾಮ ವಿಹಾರಕ್ಕೆ ಬಂದವರು ನೂರಕ್ಕೆ 57. ವ್ಯಾಪಾರಕ್ಕೆ ಬಂದವರು ಸುಮಾರು 15. ‘ಭಾರತೀಯ ಮೂಲದವರು’ ಎಂಬ ಅಂಕಣದಲ್ಲಿ ಸುಮಾರು 13. 2020ರಲ್ಲಿ ಮಹಾಮಾರಿ ಬಂತು. ಬಂದವರ ಸಂಖ್ಯೆ 27 ಲಕ್ಷಕ್ಕೆ, 2021ರಲ್ಲಿ 15 ಲಕ್ಷಕ್ಕೆ ಇಳಿಯಿತು. ವಿಹಾರಿಗಳು ಹಿಂದೆಗೆದರು, ವ್ಯಾಪಾರಿಗಳು ಗಣಕದ ಪರದೆಯಲ್ಲಿಯೇ ಸಭೆ ನಡೆಸುವುದನ್ನು ಕಲಿತರು. ಆದರೂ ಬಂದವರು ಯಾರು? ಇಲ್ಲಿ ತಾಯಿ ತಂದೆ ಇದ್ದವರು. ಕೆಲವರು ಆಮ್ಲಜನಕದ ಸಿಲಿಂಡರಿಗಾಗಿ ಅಲೆಯಲು ಬಂದರು, ಕೆಲವರು ಬಂದು ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಅನಂತರ ಪರಿಸ್ಥಿತಿ ಸುಧಾರಿಸಿದರೂ ಹಳೆಯ ಪ್ರಮಾಣ ಮರಳಲಿಲ್ಲ. 2023ರಲ್ಲಿ ವಿಹಾರಕ್ಕೆ ಬಂದವರು ನೂರಕ್ಕೆ ಸುಮಾರು 46, ವ್ಯಾಪಾರಕ್ಕೆ ಬಂದವರು ಸುಮಾರು 10, ಭಾರತೀಯ ಮೂಲದವರು ಸುಮಾರು 27. ಅಂದರೆ ಬರುವ ನಾಲ್ವರಲ್ಲಿ ಒಬ್ಬನಿಗಿಂತ ಹೆಚ್ಚು ಜನ ಬರುವುದು ಮನೆಯವರ ಮುಖ ನೋಡಲು. 2002ರಿಂದ ‘ಅತುಲ್ಯ ಭಾರತ’ವೆಂದು ಜಗತ್ತಿನಾದ್ಯಂತ ಬಣ್ಣದ ಚಿತ್ರಗಳನ್ನು ಹಚ್ಚಿದ್ದೇವೆ. ಈ ನಾಲ್ಕನೆಯವನನ್ನು ಕರೆತರಲು ಆ ಚಿತ್ರಗಳು ಬೇಕಾಗಿರಲಿಲ್ಲ.

ಈ ಅಂಕಣ ನಮ್ಮದು, ಬಂಧುಗಳೆ. ಈ ಸಭೆಯಲ್ಲಿ ಕುಳಿತ ಹಿರಿಯರಲ್ಲಿ ಅರ್ಧದಷ್ಟು ಜನರ ಮಕ್ಕಳು ಹೊರದೇಶದಲ್ಲಿದ್ದಾರೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಊರಿನಿಂದ ಮದರಾಸಿಗೆ ಬಂದದ್ದು ನಮ್ಮ ತಲೆಮಾರು. ಮದರಾಸಿನಿಂದ ಸ್ಯಾನ್ ಹೋಸೆಗೋ ಸಿಂಗಪುರಕ್ಕೋ ಹೋದದ್ದು ಮುಂದಿನ ತಲೆಮಾರು. ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಹಾಸಿಗೆಗಳಿಗೆ ಬಿಸಿಲು ತೋರಿಸುತ್ತೇವೆ. ಮೊಮ್ಮಗು ಬರುತ್ತದೆ, ಮೂರು ವಾರ ಇರುತ್ತದೆ. ಅದಕ್ಕೆ ತಮಿಳು ಬಾರದು, ಕನ್ನಡ ಕಿವಿಗೆ ಬಿದ್ದರೂ ನಾಲಿಗೆಗೆ ಬಾರದು. ಅಜ್ಜಿಗೆ ಇಂಗ್ಲಿಷು ನಾಲ್ಕು ಮಾತು. ಮೊದಲ ವಾರ ಇಬ್ಬರೂ ನಗುತ್ತಾರೆ, ಎರಡನೆಯ ವಾರ ಒಂದೆರಡು ಶಬ್ದಗಳ ಕೊಡುಕೊಳ್ಳು ನಡೆಯುತ್ತದೆ, ಮೂರನೆಯ ವಾರ ಮಾತು ಕುದುರುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ಹೊತ್ತು ಬರುತ್ತದೆ.

ನಮ್ಮ ಬೀದಿಯ ಒಂದು ಕನ್ನಡ ಮನೆಯ ಮಾತು ಹೇಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ಪ್ರತಿ ಚಳಿಗಾಲದಲ್ಲಿ ಇಬ್ಬರು ಮಕ್ಕಳು ಸಂಸಾರದೊಡನೆ ತಾಯಿಯನ್ನು ನೋಡಲು ಬರುತ್ತಿದ್ದರು. ಆ ತಾಯಿಯೂ ತೀರಿಕೊಂಡರು. ಮರುವರ್ಷ ಮಕ್ಕಳು ಬಂದರು, ಮನೆ ಮಾರುವುದಕ್ಕಾಗಿ. ಅದರ ಮರುವರ್ಷ ಬರಲಿಲ್ಲ. ಮಕ್ಕಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರಿಗೆ ಬರಲು ಇದ್ದ ಕಾರಣ ಮುಗಿದಿತ್ತು. ಈಗ ಏರಿರುವ ಈ ನೂರಕ್ಕೆ 27ರ ಬಗ್ಗೆ ನನಗಿರುವ ಆತಂಕ ಇದೇ. ವಿಹಾರದ ಕಾರಣಕ್ಕೆ ಬಂದವನಿಗೆ ಸಮುದ್ರವೂ ದೇವಾಲಯವೂ ನಾಳೆಯೂ ಇರುತ್ತವೆ. ಅಜ್ಜಿಯ ಕಾರಣಕ್ಕೆ ಬರುವವನಿಗೆ ಅಜ್ಜಿ ಇರುವ ತನಕ ಮಾತ್ರ. ಇನ್ನು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇಂದಿನ ಅಜ್ಜ ಅಜ್ಜಿಯರಾದ ನಾವು ಇಲ್ಲವಾದ ಮೇಲೆ ಆ ಮಕ್ಕಳು ಯಾವ ಅಂಕಣದಲ್ಲಿ ಗುರುತು ಹಾಕುತ್ತಾರೆ? ಹಾಕುವಂತಿದ್ದರೆ ಅದು ಸಂಗೀತವೋ, ನೃತ್ಯವೋ, ಆಚಾರ್ಯರ ಮನೆಯ ಯೋಗವೋ, ಒಂದು ಭಾಷೆಯ ಮೋಹವೋ ಆಗಿರಬೇಕು. ಕಲಿಯಲು ಬಂದವರ ಪರಂಪರೆ ಈ ಊರಿನಲ್ಲಿ ನೂರನಲವತ್ತು ವರ್ಷಗಳಿಂದ ಕಡಿದಿಲ್ಲವೆಂಬುದನ್ನು ಆಗಲೇ ವಿವರಿಸಿದೆ. ಬೆಲ್ಜಿಯಂನವನಿಗೆ ದಕ್ಕಿದ ಕಾರಣ ನಮ್ಮ ಮೊಮ್ಮಕ್ಕಳಿಗೂ ದಕ್ಕಬಹುದು.

ಆದುದರಿಂದ ಸಂಘದ ಮುಂದೆ ಒಂದು ಚಿಕ್ಕ ಸಲಹೆಯನ್ನಿಡುತ್ತೇನೆ. ಡಿಸೆಂಬರ್ ಹದಿನೈದರಿಂದ ಜನವರಿ ಹತ್ತರವರೆಗಿನ ನಾಲ್ಕು ಭಾನುವಾರಗಳ ಬೆಳಗ್ಗೆ, ಹೊರದೇಶದಿಂದ ಬಂದ ಮಕ್ಕಳಿಗಾಗಿ ಎರಡು ಗಂಟೆಗಳ ಕಾಲ ಈ ಸಭಾಂಗಣವನ್ನು ತೆರೆದಿಡೋಣ. ಪಾಠ, ಪರೀಕ್ಷೆ, ಪ್ರಶಸ್ತಿಪತ್ರ ಯಾವುದೂ ಬೇಡ. ಒಬ್ಬರು ಕಥೆ ಹೇಳಲಿ, ಒಬ್ಬರು ದೇವರನಾಮ ಹೇಳಿಕೊಡಲಿ, ಒಬ್ಬರು ಚೌಕಾಬಾರ ಆಡಿಸಲಿ. ಒಂದು ಭಾನುವಾರ ಎಲ್ಲರೂ ಕೂಡಿ ಸೈದಾಪೇಟೆಯ ಸೇತುವೆಯ ಕಡೆಗೋ ಅಡ್ಯಾರಿನ ಆಲದ ಮರದ ಕಡೆಗೋ ಹೋಗಿಬರೋಣ. ತಿಂಡಿಯ ಜವಾಬ್ದಾರಿಯನ್ನು ಹೋಟೆಲಿನ ಮಿತ್ರರು ವಹಿಸಿಕೊಳ್ಳುತ್ತಾರೆಂದು ಅವರನ್ನು ಕೇಳದೆಯೇ ನಂಬಿದ್ದೇನೆ. ಹೆಸರು ಕೊಡುವವರು ಇಂದೇ ಕಾರ್ಯದರ್ಶಿಗಳಲ್ಲಿ ಬರೆಸಬೇಕು. ಮೊಮ್ಮಕ್ಕಳು ಬರುವ ದಿನಾಂಕವನ್ನೂ ಹೊರಡುವ ದಿನಾಂಕವನ್ನೂ ಮರೆಯದೆ ನಮೂದಿಸಬೇಕು.